ರುಥೇನಿಯಂ ರೆಡ್ ಹಿಡಿದ ಪ್ರೋಟೀನೆಲ್ಲ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನೇ?

ಕಿರಿಯ ಸಂಶೋಧಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುರಿಯ ತೊಡೆಯ ಸ್ನಾಯುವಿನಿಂದ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ (ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಕಣಜದ) ಪೊರೆಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳು ಯಾವುವು ಎಂದು ಗುರುತಿಸುವುದು ನನ್ನ ಈಗಿನ ಕೆಲಸ. ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸಲು ನಮ್ಮ ವಿಭಾಗಕ್ಕೆ ಪರವಾನಗಿ ಇಲ್ಲದ ಕಾರಣ, ಅದರ ಬದಲು ರುಥೇನಿಯಂ ರೆಡ್ ಎಂಬ ಅಜೈವಿಕ ಬಣ್ಣವನ್ನು ಬಳಸುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ಎಸ್‌ಡಿಎಸ್ ಜೆಲ್‌ನಲ್ಲಿ ತೂಕಕ್ಕೆ ತಕ್ಕಂತೆ ಬೇರ್ಪಟ್ಟ ಪ್ರೋಟೀನುಗಳನ್ನು ನೈಟ್ರೊಸೆಲ್ಯುಲೋಸ್ ಹಾಳೆಗೆ ವರ್ಗಾಯಿಸಿ, ಆ ಹಾಳೆಯನ್ನು ಬಣ್ಣದ ದ್ರಾವಣದಲ್ಲಿ ಅದ್ದಿಟ್ಟಾಗ ಎರಡು ಕಡೆ ಸ್ಪಷ್ಟವಾಗಿ ಕೆಂಪು ಮೂಡಿದೆ. 63 ಕಿಲೊಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿ ಇರುವ ಪಟ್ಟಿ ಸಣ್ಣದಾಗಿ, ದಟ್ಟವಾಗಿ ಇದೆ. ಅದನ್ನು ಕ್ಯಾಲ್‌ಸೀಕ್ವೆಸ್ಟ್ರಿನ್ ಎಂದು ಭಾವಿಸಿದ್ದೇನೆ. 100 ಕಿಲೊಡಾಲ್ಟನ್ ಆಸುಪಾಸಿನಲ್ಲಿ ಇರುವ ಇನ್ನೊಂದು ಪಟ್ಟಿ ಅಗಲವಾಗಿದ್ದು, ಅದರ ಅಂಚು ಮಸುಕಾಗಿದೆ. ಅದು ಕ್ಯಾಲ್ಸಿಯಂ ಪಂಪ್, ಅಂದರೆ ಕ್ಯಾಲ್ಸಿಯಂ ಎಟಿಪೇಸ್ ಆಗಿರಬೇಕು ಎಂಬುದು ನನ್ನ ಊಹೆ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಇವು. ಈ ಬಣ್ಣವು ಪ್ರೋಟೀನಿನಲ್ಲಿ ಕ್ಯಾಲ್ಸಿಯಂ ಕೂರುವ ತಾಣದಲ್ಲಿಯೇ ಹೋಗಿ ಕೂರುತ್ತದೆಯೇ, ಅಥವಾ ಪ್ರೋಟೀನಿನ ಮೈಮೇಲೆ ಎಲ್ಲೆಲ್ಲಿ ಋಣಾವೇಶ ಇದೆಯೋ ಅಲ್ಲೆಲ್ಲ ಅಂಟುತ್ತದೆಯೇ? ಎರಡನೆಯದೇ ನಿಜವಾದರೆ, ಈ ಹಾಳೆಯನ್ನು ಮುಂದಿಟ್ಟುಕೊಂಡು ‘ಇವು ಕ್ಯಾಲ್ಸಿಯಂ ಬಂಧಕ ಪ್ರೋಟೀನುಗಳು’ ಎಂದು ಪ್ರಬಂಧದಲ್ಲಿ ಬರೆಯುವುದು ಎಷ್ಟರ ಮಟ್ಟಿಗೆ ಸರಿ? ಇದಲ್ಲದೆ, ನಮ್ಮ ಪ್ರಯೋಗಾಲಯದ ಸಹಪಾಠಿಯೊಬ್ಬರು ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತಡೆಯಲು ಇದೇ ಬಣ್ಣವನ್ನು ಜೀವಂತ ಕೋಶಗಳಿಗೆ ಹಾಕುತ್ತಿದ್ದಾರೆ. ಸಿಕ್ಕಿದ್ದಕ್ಕೆಲ್ಲ ಅಂಟುವ ಬಣ್ಣವಾದರೆ ಆ ಫಲಿತಾಂಶವನ್ನು ಹೇಗೆ ಓದಬೇಕು ಎಂಬುದೂ ನಮ್ಮಿಬ್ಬರ ನಡುವಿನ ಚರ್ಚೆಯಾಗಿದೆ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

---

ಲೋಹರಸಾಯನ

ನಿಮ್ಮ ಮೊದಲ ಪ್ರಶ್ನೆಯನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇನೆ. ಉಳಿದದ್ದಕ್ಕೆ ಸ್ನಾಯು ಮತ್ತು ಮೈಟೊಕಾಂಡ್ರಿಯಾ ಬಲ್ಲವರು ಉತ್ತರಿಸಲಿ.

ರುಥೇನಿಯಂ ರೆಡ್ಡಿನ ಅಯಾನಿನಲ್ಲಿ ಮೂರು ರುಥೇನಿಯಂ ಪರಮಾಣುಗಳು ಒಂದೇ ಸಾಲಿನಲ್ಲಿ ನಿಂತಿವೆ. ಅವುಗಳನ್ನು ಎರಡು ಆಕ್ಸಿಜನ್ ಪರಮಾಣುಗಳು ಸೇತುವೆಯಾಗಿ ಜೋಡಿಸಿವೆ. ಸುತ್ತ ಹದಿನಾಲ್ಕು ಅಮೋನಿಯ ಅಣುಗಳಿವೆ: ಎರಡೂ ತುದಿಯ ರುಥೇನಿಯಂಗಳಿಗೆ ಐದೈದು, ನಡುವಿನದಕ್ಕೆ ನಾಲ್ಕು. ತುದಿಯ ಎರಡನ್ನು +3 ಎಂದೂ ನಡುವಿನದನ್ನು +4 ಎಂದೂ ಲೆಕ್ಕ ಹಿಡಿದರೆ ಒಟ್ಟು +10 ಆಗುತ್ತದೆ. ಎರಡು ಆಕ್ಸಿಜನ್‌ಗಳ −4 ಅನ್ನು ಅದರಿಂದ ಕಳೆದರೆ ಇಡೀ ಅಯಾನಿನ ಆವೇಶ +6 ಎಂದು ಸಿಗುತ್ತದೆ. ಒಂದು ತುದಿಯ ಸಾರಜನಕದಿಂದ ಇನ್ನೊಂದು ತುದಿಯ ಸಾರಜನಕದವರೆಗೆ ಸುಮಾರು 12 ಆಂಗ್‌ಸ್ಟ್ರಾಮ್ ಉದ್ದ. ಅಂದರೆ, ಸುಮಾರು 1 ಆಂಗ್‌ಸ್ಟ್ರಾಮ್ ತ್ರಿಜ್ಯದ, +2 ಆವೇಶದ, ಗೋಳಾಕಾರದ ಕ್ಯಾಲ್ಸಿಯಂ ಅಯಾನಿಗೂ ಇದಕ್ಕೂ ಗಾತ್ರದಲ್ಲಾಗಲಿ ಆಕಾರದಲ್ಲಾಗಲಿ ಹೋಲಿಕೆಯೇ ಇಲ್ಲ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬಂಧದ ಸ್ವರೂಪದಲ್ಲಿದೆ. ಕ್ಯಾಲ್ಸಿಯಂ ಪ್ರೋಟೀನನ್ನು ಸೇರುವಾಗ ತನ್ನ ಸುತ್ತಲಿನ ನೀರಿನ ಅಣುಗಳನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಪ್ರೋಟೀನಿನ ಆಕ್ಸಿಜನ್‌ಗಳನ್ನು ನೇರವಾಗಿ ಹಿಡಿಯುತ್ತದೆ. 1973ರಲ್ಲಿ ಕ್ರೆಟ್ಸಿಂಗರ್ ಅವರು ಕಾರ್ಪ್ ಮೀನಿನ ಸ್ನಾಯುವಿನ ಪಾರ್ವಲ್‌ಬ್ಯುಮಿನ್‌ನಲ್ಲಿ ವಿವರಿಸಿದ ‘ಇಎಫ್ ಹ್ಯಾಂಡ್’ ರಚನೆಯನ್ನೇ ನೋಡಿ: ಹನ್ನೆರಡು ಅಮೈನೊ ಆಮ್ಲಗಳ ಒಂದು ಕುಣಿಕೆ, ಅದರೊಳಗೆ ಏಳು ಆಕ್ಸಿಜನ್‌ಗಳ ನಡುವೆ ಒಂದು ಕ್ಯಾಲ್ಸಿಯಂ, ಹನ್ನೆರಡನೆಯ ಸ್ಥಾನದಲ್ಲಿರುವ ಗ್ಲುಟಾಮಿಕ್ ಆಮ್ಲ ಎರಡು ಆಕ್ಸಿಜನ್‌ಗಳನ್ನು ಒಟ್ಟಿಗೆ ಒದಗಿಸುತ್ತದೆ. ಇಂಥ ಆಸನದಲ್ಲಿ ರುಥೇನಿಯಂ ರೆಡ್ ಕೂರುವುದು ಸಾಧ್ಯವೇ ಇಲ್ಲ. ಏಕೆಂದರೆ ಅದರ ಪ್ರತಿಯೊಂದು ರುಥೇನಿಯಂನ ಆರೂ ಸ್ಥಾನಗಳು ಅಮೋನಿಯ ಮತ್ತು ಸೇತುವೆಯ ಆಕ್ಸಿಜನ್‌ಗಳಿಂದ ಈಗಾಗಲೇ ಭರ್ತಿಯಾಗಿವೆ, ಮತ್ತು ಆ ಅಮೋನಿಯಗಳು ಸುಲಭಕ್ಕೆ ಜಾಗ ಬಿಡುವಂಥವಲ್ಲ. ಪ್ರೋಟೀನಿನ ಋಣಾವೇಶದ ಆಮ್ಲಗುಂಪುಗಳಾದ ಕಾರ್ಬಾಕ್ಸಿಲೇಟ್‌ಗಳಿಗೆ ಲೋಹವನ್ನು ಮುಟ್ಟುವ ಅವಕಾಶವೇ ಸಿಗುವುದಿಲ್ಲ. ಅವು ಹಿಡಿಯುವುದು ಹೊರಮೈಯನ್ನು ಮಾತ್ರ: ವಿರುದ್ಧ ಆವೇಶಗಳ ಸೆಳೆತ, ಅದರ ಜೊತೆಗೆ ಅಮೋನಿಯದ ಹೈಡ್ರೊಜನ್‌ಗಳಿಗೂ ಕಾರ್ಬಾಕ್ಸಿಲೇಟ್ ಆಕ್ಸಿಜನ್‌ಗಳಿಗೂ ನಡುವೆ ಏರ್ಪಡುವ ಹೈಡ್ರೊಜನ್ ಬಂಧಗಳು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಬಣ್ಣವು ಕ್ಯಾಲ್ಸಿಯಂನ ಆಸನದಲ್ಲಿ ಕೂರುವುದಿಲ್ಲ, ಆಸನ ಇರುವ ಪ್ರದೇಶದ ಮೇಲೆ ಅಡ್ಡಲಾಗಿ ಮಲಗುತ್ತದೆ. ಹಾಗೆ ಮಲಗಿದ ಮಾತ್ರಕ್ಕೇ ಕ್ಯಾಲ್ಸಿಯಂನ ದಾರಿ ಮುಚ್ಚಬಹುದು, ಆ ಪ್ರದೇಶದ ಋಣಾವೇಶ ಕುಗ್ಗಿ ಕ್ಯಾಲ್ಸಿಯಂ ಮೇಲಿನ ಸೆಳೆತವೂ ಕಡಿಮೆಯಾಗಬಹುದು. ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸಿದಂತೆ ಪ್ರಯೋಗದಲ್ಲಿ ಕಾಣುವುದು ಈ ಕಾರಣದಿಂದ.

---

ಸಸ್ಯಕೋಶ

ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಸ್ನಾಯುವಿನವರು ಈ ಬಣ್ಣವನ್ನು ತಮ್ಮದೆಂದು ತಿಳಿಯುವುದುಂಟು, ಆದರೆ ಸಸ್ಯಶಾಸ್ತ್ರದಲ್ಲಿ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಬಳಕೆ ಇದೆ. 1890ರ ದಶಕದಲ್ಲಿಯೇ ಫ್ರಾನ್ಸಿನ ಲೂಯಿ ಮಾಂಜಾಂ ಅವರು ಸಸ್ಯಕೋಶಗಳ ಭಿತ್ತಿಯಲ್ಲಿರುವ ಪೆಕ್ಟಿನ್ ಅನ್ನು ತೋರಿಸಲು ಇದನ್ನು ಬಳಸಿದರು. ಇಂದಿಗೂ ಬೀಜದ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದಾಗ ನಾವು ಕೈಹಾಕುವುದು ಇದೇ ಶೀಶೆಗೆ. ಪೆಕ್ಟಿನ್ ಪ್ರೋಟೀನೇ ಅಲ್ಲ. ಗ್ಯಾಲಕ್ಟುರೋನಿಕ್ ಆಮ್ಲದ ಉದ್ದನೆಯ ಸರಪಳಿ. ಅದರಲ್ಲಿ ಮೀಥೈಲ್ ಗುಂಪುಗಳು ಕಳಚಿ ಕಾರ್ಬಾಕ್ಸಿಲೇಟ್‌ಗಳು ಬಯಲಾದಷ್ಟೂ ಬಣ್ಣ ಗಾಢವಾಗುತ್ತದೆ, ಹಾಗೆ ಬಯಲಾದಷ್ಟೂ ಅದು ಕ್ಯಾಲ್ಸಿಯಂ ಅನ್ನು ಹಿಡಿದು ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಹಾಗೆಯೇ, 1971ರಲ್ಲಿ ಲುಫ್ಟ್ ಅವರು ಆಸ್ಮಿಯಂ ಟೆಟ್ರಾಕ್ಸೈಡ್ ಜೊತೆಗೆ ಇದನ್ನು ಬಳಸಿ ಪ್ರಾಣಿಕೋಶಗಳ ಹೊರಮೈಯ ಆಮ್ಲೀಯ ಸಕ್ಕರೆ ಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಮಾಡಿದರು. ಹೀಗಿರುವಾಗ, ನಿಮ್ಮ ಹಾಳೆಯಲ್ಲಿ ಸಿಯಾಲಿಕ್ ಆಮ್ಲ ಹೊತ್ತ ಗ್ಲೈಕೊಪ್ರೋಟೀನುಗಳು ಇದ್ದರೆ ಅವಕ್ಕೂ ಕೆಂಪು ಹತ್ತಿದರೆ ಆಶ್ಚರ್ಯಪಡಬೇಕಿಲ್ಲ.

---

ನಿವೃತ್ತ ಅಧ್ಯಾಪಕ

ನಿಮ್ಮ ಹಾಳೆಯ ಎರಡು ಪಟ್ಟಿಗಳ ವಿಷಯಕ್ಕೆ ಬರುತ್ತೇನೆ.

ಕೆಳಗಿನ ಪಟ್ಟಿ ಕ್ಯಾಲ್‌ಸೀಕ್ವೆಸ್ಟ್ರಿನ್ ಆಗಿರುವ ಸಂಭವ ಬಹಳ ಹೆಚ್ಚು. 1971ರಲ್ಲಿ ಮ್ಯಾಕ್ಲೆನನ್ ಮತ್ತು ವಾಂಗ್ ಬೇರ್ಪಡಿಸಿದ ಈ ಪ್ರೋಟೀನು ಸ್ನಾಯುಕೋಶದ ಕ್ಯಾಲ್ಸಿಯಂ ಕಣಜದೊಳಗೆ ದಾಸ್ತಾನು ಇಟ್ಟುಕೊಳ್ಳುವ ಕೆಲಸ ಮಾಡುತ್ತದೆ. ಒಂದೊಂದು ಅಣು 40ರಿಂದ 50 ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯಬಲ್ಲದು, ಆದರೆ ಹಿಡಿತ ಸಡಿಲ: ಅರ್ಧದಷ್ಟು ತಾಣಗಳು ತುಂಬಲು ಸುಮಾರು 1 ಮಿಲಿಮೋಲಾರ್ ಕ್ಯಾಲ್ಸಿಯಂ ಬೇಕು. ಅದರ ನಿಜವಾದ ತೂಕ 42 ಕಿಲೊಡಾಲ್ಟನ್ ಆಸುಪಾಸು. ಕ್ಷಾರೀಯವಾದ ಲೇಮ್ಲಿ ಜೆಲ್‌ನಲ್ಲಿ ಅದು 63ರ ಬಳಿ ನಿಲ್ಲುತ್ತದೆ, ತಟಸ್ಥ ಪಿಎಚ್‌ನ ವೆಬರ್-ಆಸ್ಬಾರ್ನ್ ಜೆಲ್‌ನಲ್ಲಿ 44ರ ಬಳಿಗೆ ಇಳಿಯುತ್ತದೆ. ಪ್ರೋಟೀನಿನ ಮೂರನೆಯ ಒಂದು ಭಾಗದಷ್ಟು ಆಮ್ಲೀಯ ಅಮೈನೊ ಆಮ್ಲಗಳೇ ಆಗಿರುವುದರಿಂದ ಎಸ್‌ಡಿಎಸ್ ಎಂಬ ಮಾರ್ಜಕ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಜೆಲ್‌ನಲ್ಲಿ ಅದು ಹೀಗೆ ದಾರಿ ತಪ್ಪಿಸುತ್ತದೆ. ನೀವು ಎರಡೂ ಬಗೆಯ ಜೆಲ್‌ಗಳನ್ನು ಓಡಿಸಿ ಪಟ್ಟಿ ಜಾಗ ಬದಲಿಸುವುದನ್ನು ತೋರಿಸಿದರೆ, ಪ್ರತಿಕಾಯವಿಲ್ಲದೆಯೂ ಪರೀಕ್ಷಕರಿಗೆ ಒಪ್ಪಿಗೆಯಾಗುವ ಸಾಕ್ಷ್ಯ ಅದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ, ಕ್ಯಾಲ್‌ಸೀಕ್ವೆಸ್ಟ್ರಿನ್‌ನಲ್ಲಿ ಇಎಫ್ ಹ್ಯಾಂಡ್ ಒಂದೂ ಇಲ್ಲ. 1998ರಲ್ಲಿ ಪ್ರಕಟವಾದ ಅದರ ಸ್ಫಟಿಕ ರಚನೆಯಲ್ಲಿ ಕಂಡದ್ದು ಥಯೊರೆಡಾಕ್ಸಿನ್ ಮಾದರಿಯ ಮೂರು ಭಾಗಗಳು. ಕ್ಯಾಲ್ಸಿಯಂ ಕೂಡುವುದು ಆಮ್ಲೀಯ ಮೇಲ್ಮೈಗಳ ಮೇಲೆ ಮತ್ತು ಅಣುಗಳು ಒಂದಕ್ಕೊಂದು ಜೋಡಿಕೊಳ್ಳುವಾಗ ಅವುಗಳ ನಡುವೆ. ರುಥೇನಿಯಂ ರೆಡ್ ಇಂಥ ಮೇಲ್ಮೈಗೆ ಹೇಳಿ ಮಾಡಿಸಿದಂತಿದೆ. 1990ರಲ್ಲಿ ಪ್ರಕಟವಾದ ಅಳತೆಯಂತೆ ಅದು ಕ್ಯಾಲ್‌ಸೀಕ್ವೆಸ್ಟ್ರಿನ್‌ಗೆ 0.7 ಮೈಕ್ರೊಮೋಲಾರ್ ವಿಯೋಜನಾಂಕದಲ್ಲಿ (ಅರ್ಧದಷ್ಟು ತಾಣಗಳು ತುಂಬುವ ಪ್ರಮಾಣ, ಅದು ಕಡಿಮೆಯಾದಷ್ಟೂ ಹಿಡಿತ ಬಿಗಿ) ಅಂಟುತ್ತದೆ, ಅದನ್ನು ಅಲ್ಲಿಂದ ಎಬ್ಬಿಸಲು ಕ್ಯಾಲ್ಸಿಯಂ ಮಿಲಿಮೋಲಾರ್ ಪ್ರಮಾಣದಲ್ಲಿ ಬೇಕಾಗುತ್ತದೆ. ಕ್ಯಾಲ್ಸಿಯಂನ ಸ್ವಂತ ಹಿಡಿತವೂ ಮಿಲಿಮೋಲಾರ್ ಮಟ್ಟದ್ದೇ ಆದ್ದರಿಂದ ಈ ಎರಡು ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ಕ್ಯಾಲ್‌ಮಾಡ್ಯುಲಿನ್, ಟ್ರೊಪೊನಿನ್ ಸಿ, ಎಸ್-100 ಮುಂತಾದ ಇಎಫ್ ಹ್ಯಾಂಡ್ ಪ್ರೋಟೀನುಗಳಿಗೂ ಬಣ್ಣ ಹತ್ತುತ್ತದೆ ಎಂಬುದು ಅದೇ ಅಧ್ಯಯನದಲ್ಲಿ ದಾಖಲಾಗಿದೆ.

ಮೇಲಿನ ಪಟ್ಟಿಯ ವಿಷಯದಲ್ಲಿ ನಾನು ನಿಮ್ಮಷ್ಟು ಧೈರ್ಯ ತೋರುವುದಿಲ್ಲ. ಕ್ಯಾಲ್ಸಿಯಂ ಎಟಿಪೇಸ್‌ಗೆ ರುಥೇನಿಯಂ ರೆಡ್ ಹತ್ತುತ್ತದೆ, ಅದರ ತೂಕವೂ 110 ಕಿಲೊಡಾಲ್ಟನ್ ಸಮೀಪ, ನಿಜ. ಆದರೆ ಸ್ನಾಯುವಿನಲ್ಲಿ ರಕ್ತ ಉಳಿದಿದ್ದರೆ ಕೆಂಪು ರಕ್ತಕಣಗಳ ಪೊರೆಯೂ ನಿಮ್ಮ ಮಾದರಿಯಲ್ಲಿ ಸೇರಿಕೊಂಡಿರುತ್ತದೆ, ಮತ್ತು ಆ ಪೊರೆಯ ಅತ್ಯಂತ ಹೇರಳವಾದ ಪ್ರೋಟೀನು ‘ಬ್ಯಾಂಡ್ 3’ ಕೂಡ ಜೆಲ್‌ನಲ್ಲಿ ಅಗಲವಾಗಿ, ಮಸುಕಾಗಿ, 95ರಿಂದ 100ರ ಬಳಿಯೇ ನಿಲ್ಲುತ್ತದೆ. ಅದಕ್ಕೂ ಈ ಬಣ್ಣ ಹತ್ತುತ್ತದೆ! ಬ್ಯಾಂಡ್ 3 ಮಾಡುವ ಕೆಲಸ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್‌ಗಳನ್ನು ಅದಲುಬದಲು ಮಾಡುವುದು. ಕ್ಯಾಲ್ಸಿಯಂಗೂ ಆ ಕೆಲಸಕ್ಕೂ ಸಂಬಂಧವಿಲ್ಲ. ಹಾಗಿದ್ದೂ ಬಣ್ಣ ಹತ್ತುವುದೇಕೆ ಎಂಬುದಕ್ಕೆ ಅದರ ಅಮೈನೊ ತುದಿಯನ್ನು ನೋಡಿ. ಮನುಷ್ಯರ ಬ್ಯಾಂಡ್ 3ರಲ್ಲಿ ಸರಣಿ ಹೀಗೆ ಆರಂಭವಾಗುತ್ತದೆ: ಮೆಥಿಯೊನಿನ್, ಗ್ಲುಟಾಮಿಕ್, ಗ್ಲುಟಾಮಿಕ್, ಲ್ಯೂಸಿನ್, ಗ್ಲುಟಾಮಿನ್, ಆಸ್ಪಾರ್ಟಿಕ್, ಆಸ್ಪಾರ್ಟಿಕ್, ಟೈರೊಸಿನ್, ಗ್ಲುಟಾಮಿಕ್, ಆಸ್ಪಾರ್ಟಿಕ್, ಮೆಥಿಯೊನಿನ್. ಈ ಹನ್ನೊಂದರಲ್ಲಿ ಆರು ಆಮ್ಲೀಯ. ಲೈಸಿನ್, ಆರ್ಜಿನಿನ್‌ಗಳಂಥ ಧನಾವೇಶದ್ದು ಒಂದೂ ಇಲ್ಲ. ಪ್ರಾಣಿಯಿಂದ ಪ್ರಾಣಿಗೆ ಈ ತುದಿ ಬದಲಾಗುತ್ತದೆಯಾದ್ದರಿಂದ ಕುರಿಯ ಸರಣಿಯನ್ನು ನೀವೇ ದತ್ತಕೋಶದಲ್ಲಿ ನೋಡಿಕೊಳ್ಳಿ.

ಪ್ರತಿಕಾಯ ಕೊಳ್ಳುವ ಮೊದಲು ಮಾಡಬಹುದಾದ ಅಗ್ಗದ ಪರೀಕ್ಷೆಯೊಂದಿದೆ. ಅದೇ ಕುರಿಯ ರಕ್ತವನ್ನು ತಂದು, ಕಣಗಳನ್ನು ಒಡೆದು, ಹಿಮೊಗ್ಲೊಬಿನ್ ಹೋಗುವಂತೆ ತೊಳೆದ ಪೊರೆಗಳನ್ನು ನಿಮ್ಮ ಸ್ನಾಯುಪೊರೆಯ ಪಕ್ಕದ ಸಾಲಿನಲ್ಲಿಯೇ ಓಡಿಸಿ ಒಟ್ಟಿಗೆ ಬಣ್ಣ ಹಾಕಿ. ಪಟ್ಟಿಗಳ ಎತ್ತರ ಹೊಂದದಿದ್ದರೆ ನಿಮ್ಮ ಊಹೆಗೆ ಬಲ ಬರುತ್ತದೆ. ಹೊಂದಿದರೆ ಪ್ರತಿಕಾಯ ಇಲ್ಲವೇ ಮಾಸ್ ಸ್ಪೆಕ್ಟ್ರೊಮೆಟ್ರಿ ಇಲ್ಲದೆ ಮುಂದೆ ಹೋಗುವಂತಿಲ್ಲ.

---

ಹೊಸಗಾಲದವ

ಇಷ್ಟೆಲ್ಲ ಸುತ್ತು ಬಳಸುವ ಬದಲು ಎರಡೂ ಪಟ್ಟಿಗಳನ್ನು ಕತ್ತರಿಸಿ ಮಾಸ್ ಸ್ಪೆಕ್ಟ್ರೊಮೆಟ್ರಿಗೆ ಕಳುಹಿಸಿದರೆ ಒಂದೇ ಸಲಕ್ಕೆ ಉತ್ತರ ಸಿಗುತ್ತದಲ್ಲವೇ? ಬಣ್ಣಗಳ ಕಾಲ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ.

---

ನಿವೃತ್ತ ಅಧ್ಯಾಪಕ

ಮಾಸ್ ಸ್ಪೆಕ್ಟ್ರೊಮೆಟ್ರಿ ಪ್ರೋಟೀನಿನ ಹೆಸರನ್ನು ಹೇಳುತ್ತದೆ. ಆ ಪ್ರೋಟೀನು ಕ್ಯಾಲ್ಸಿಯಂ ಹಿಡಿಯುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಹೆಸರು ಗೊತ್ತಿದ್ದ ಪ್ರೋಟೀನಾದರೆ ಹಳೆಯ ಸಾಹಿತ್ಯದಿಂದ ಊಹಿಸಬಹುದು. ಹೊಸದೊಂದು ಪ್ರೋಟೀನು ಸಿಕ್ಕರೆ ಏನು ಮಾಡುವಿರಿ? ಜೊತೆಗೆ 100ರ ಬಳಿಯ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರೋಟೀನುಗಳು ಇರುವುದೇ ಸಾಮಾನ್ಯ, ಅವುಗಳಲ್ಲಿ ಬಣ್ಣ ಹಿಡಿದದ್ದು ಯಾವುದು ಎಂದು ಆ ಯಂತ್ರ ಹೇಳಲಾರದು. ಎರಡೂ ಬೇಕು ಎಂಬುದಷ್ಟೇ ನನ್ನ ನಿಲುವು.

---

ಕಿರಿಯ ಸಂಶೋಧಕಿ

ಎಲ್ಲರಿಗೂ ಕೃತಜ್ಞತೆಗಳು. ಬ್ಯಾಂಡ್ 3ರ ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ. ಮಾದರಿಯಲ್ಲಿ ರಕ್ತದ ಅಂಶ ಇದ್ದದ್ದು ನಿಜ, ಮೊದಲ ದ್ರಾವಣ ತಿಳಿಗೆಂಪಾಗಿಯೇ ಇತ್ತು. ಸರ್, ತಮ್ಮಲ್ಲಿ ಇನ್ನೆರಡು ವಿಷಯ ಕೇಳಬೇಕಿದೆ. ಬಣ್ಣ ಹಿಡಿದ ಹಾಳೆಯನ್ನು ಇಜಿಟಿಎ ಇರುವ ಬಫರ್‌ನಲ್ಲಿ ತೊಳೆದೆ, ಎರಡೂ ಪಟ್ಟಿಗಳ ಕೆಂಪು ಹಾಗೆಯೇ ಉಳಿಯಿತು. ಇದರಿಂದ ಬಣ್ಣ ಹತ್ತಿರುವುದು ಕ್ಯಾಲ್ಸಿಯಂ ತಾಣಕ್ಕಲ್ಲ ಎಂದು ತೀರ್ಮಾನಿಸಬಹುದೇ? ಎರಡನೆಯದಾಗಿ, ಅದೇ ಹಾಳೆಯ ಮೇಲೆ ನಿಯಂತ್ರಣಕ್ಕೆಂದು ಇಟ್ಟಿದ್ದ ಶುದ್ಧ ಕ್ಯಾಲ್‌ಮಾಡ್ಯುಲಿನ್‌ಗೆ ಬಣ್ಣವೇ ಹತ್ತಲಿಲ್ಲ. ಬಳಸಿದ ಬಫರ್‌ನಲ್ಲಿ 60 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು ಟ್ರಿಸ್ ಇದ್ದವು. ಬಣ್ಣ ಲೀಟರಿಗೆ 25 ಮಿಲಿಗ್ರಾಂ.

---

ಲೋಹರಸಾಯನ

ಇಜಿಟಿಎ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಅದು ಬರಿಯ ಕ್ಯಾಲ್ಸಿಯಂ ಅಯಾನನ್ನು ನೇರವಾಗಿ ಸುತ್ತಿ ಹಿಡಿಯುವ ರಾಸಾಯನಿಕ. ರುಥೇನಿಯಂ ರೆಡ್‌ನ ಲೋಹ ಅಮೋನಿಯದಿಂದ ಮುಚ್ಚಿರುವುದರಿಂದ ಇಜಿಟಿಎ ಅದನ್ನು ಕ್ಯಾಲ್ಸಿಯಂನಂತೆ ಹಿಡಿದು ಹೊರಗೆಳೆಯಲು ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಬಣ್ಣದ ದ್ರಾವಣಕ್ಕೆ ಕ್ಯಾಲ್ಸಿಯಂ ಸೇರಿಸಿದರೆ ಬಣ್ಣ ಹತ್ತುವುದು ಕಡಿಮೆಯಾಗುತ್ತದೆಯೇ? ಒಂದೇ ಮಾದರಿಯ ಮೂರು ತುಂಡು ಹಾಳೆ ಮಾಡಿ. ಒಂದನ್ನು ನಿಮ್ಮ ಈಗಿನ ಬಫರ್‌ನಲ್ಲಿಯೂ, ಇನ್ನೊಂದನ್ನು 10 ಮಿಲಿಮೋಲಾರ್ ಹೆಚ್ಚುವರಿ ಮೆಗ್ನೀಸಿಯಂ ಸೇರಿಸಿದ ಬಫರ್‌ನಲ್ಲಿಯೂ, ಮತ್ತೊಂದನ್ನು 10 ಮಿಲಿಮೋಲಾರ್ ಕ್ಯಾಲ್ಸಿಯಂ ಸೇರಿಸಿದ ಬಫರ್‌ನಲ್ಲಿಯೂ ಬಣ್ಣಕ್ಕೆ ಹಾಕಿ. ಎರಡೂ ಲೋಹಗಳ ಆವೇಶ ಒಂದೇ. ಮೆಗ್ನೀಸಿಯಂ ಬಣ್ಣವನ್ನು ಎಬ್ಬಿಸದೆ ಕ್ಯಾಲ್ಸಿಯಂ ಮಾತ್ರ ಎಬ್ಬಿಸಿದರೆ, ಆ ಪಟ್ಟಿಯಲ್ಲಿ ಬರಿಯ ಆವೇಶಕ್ಕಿಂತ ಹೆಚ್ಚಿನದೇನೋ ಇದೆ ಎಂದು ಹೇಳುವ ಹಕ್ಕು ನಿಮಗೆ ಬರುತ್ತದೆ. ಎರಡೂ ಒಂದೇ ರೀತಿ ಎಬ್ಬಿಸಿದರೆ ಆ ಹಕ್ಕು ಇಲ್ಲ. ಫಾಸ್ಫೇಟ್ ಬಫರ್ ಮಾತ್ರ ಬೇಡ, ಕ್ಯಾಲ್ಸಿಯಂ ಅದರೊಡನೆ ಸೇರಿ ಹಾಳೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

---

ನಿವೃತ್ತ ಅಧ್ಯಾಪಕ

ಕ್ಯಾಲ್‌ಮಾಡ್ಯುಲಿನ್ ವಿಷಯ: ಬಣ್ಣ ಹತ್ತಲಿಲ್ಲ ಎನ್ನುವ ಮೊದಲು ಪ್ರೋಟೀನು ಹಾಳೆಯ ಮೇಲೆ ಉಳಿದಿತ್ತೇ ಎಂದು ನೋಡಬೇಕು. 17 ಕಿಲೊಡಾಲ್ಟನ್ ಕೂಡ ತೂಗದ, ಬಹಳ ಆಮ್ಲೀಯವಾದ ಈ ಪ್ರೋಟೀನು ನೈಟ್ರೊಸೆಲ್ಯುಲೋಸ್‌ಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ನಾಲ್ಕು ಬಾರಿ ತೊಳೆದರೆ ತೊಳೆದ ನೀರಿನಲ್ಲಿಯೇ ಹೋಗಿಬಿಡುತ್ತದೆ. ವರ್ಗಾವಣೆ ಆದ ಕೂಡಲೇ ಹಾಳೆಯನ್ನು 0.2 ಶೇಕಡ ಗ್ಲುಟರಾಲ್ಡಿಹೈಡ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ಕಟ್ಟಿಹಾಕುವುದು ಹಳೆಯ ಉಪಾಯ. ಗ್ಲುಟರಾಲ್ಡಿಹೈಡ್ ಹಿಡಿಯುವುದು ಲೈಸಿನ್‌ನ ಅಮೈನೊ ಗುಂಪುಗಳನ್ನು, ಬಣ್ಣ ಹತ್ತಬೇಕಾದ ಕಾರ್ಬಾಕ್ಸಿಲೇಟ್‌ಗಳನ್ನಲ್ಲ. ಆದ್ದರಿಂದ ಅದರಿಂದ ಅಡ್ಡಿಯಿಲ್ಲ.

ಇನ್ನೊಂದು ಕಡೆಯಿಂದ ಪುರಾವೆ ಬೇಕಿದ್ದರೆ ಎರಡನೆಯ ಜೆಲ್ ಅನ್ನು ‘ಸ್ಟೇನ್ಸ್-ಆಲ್’ ಎಂಬ ಸಾವಯವ ಬಣ್ಣಕ್ಕೆ ಹಾಕಿ. ಅದರಲ್ಲಿ ಕ್ಯಾಲ್‌ಸೀಕ್ವೆಸ್ಟ್ರಿನ್ ಕಡುನೀಲಿಯಾಗುತ್ತದೆ, ಬಹುತೇಕ ಉಳಿದ ಪ್ರೋಟೀನುಗಳು ಗುಲಾಬಿ ಇಲ್ಲವೇ ಕೆಂಪಾಗಿ ಉಳಿಯುತ್ತವೆ. ಆ ಬಣ್ಣ ಬೆಳಕಿಗೆ ಬೇಗ ಮಾಸುವುದರಿಂದ ಕೆಲಸವೆಲ್ಲ ಕತ್ತಲಲ್ಲಿ ನಡೆಯಬೇಕು, ಚಿತ್ರವನ್ನೂ ತಡಮಾಡದೆ ತೆಗೆದಿಟ್ಟುಕೊಳ್ಳಬೇಕು. ಜೆಲ್‌ನಲ್ಲಿ ಎಸ್‌ಡಿಎಸ್ ಉಳಿಯದಂತೆ ಚೆನ್ನಾಗಿ ತೊಳೆಯುವುದು ಎರಡೂ ಬಣ್ಣಗಳಿಗೆ ಅನ್ವಯಿಸುತ್ತದೆ, ಏಕೆಂದರೆ ಎಸ್‌ಡಿಎಸ್ ಸ್ವತಃ ಋಣಾವೇಶದ್ದು. ಅದು ಉಳಿದ ಕಡೆಯೆಲ್ಲ ಬಣ್ಣ ಹತ್ತಿ ನಿಮಗೆ ಇಲ್ಲದ ಪ್ರೋಟೀನನ್ನು ತೋರಿಸುತ್ತದೆ. ಕ್ಯಾಲ್ಸಿಯಂ-45 ವಿಧಾನವನ್ನು 1984ರಲ್ಲಿ ಮರುಯಾಮಾ, ಮಿಕಾವಾ ಮತ್ತು ಎಬಾಶಿ ರೂಪಿಸಿದ್ದರು. ಪರವಾನಗಿ ಇರುವ ಸಂಸ್ಥೆಯೊಂದರ ಸಹಯೋಗದಲ್ಲಿ ಅದನ್ನು ಒಮ್ಮೆಯಾದರೂ ಮಾಡಿಸಲು ಸಾಧ್ಯವಾದರೆ ಒಳ್ಳೆಯದು. ಆದರೆ ಬ್ಯಾಂಡ್ 3 ಆ ವಿಧಾನದಲ್ಲಿಯೂ ಬೆಳಗುತ್ತದೆ ಎಂಬುದನ್ನು ನೆನಪಿಡಿ. ಆ ವಿಧಾನದಲ್ಲಿ ಹಿಡಿದದ್ದು ನಿಜವಾದ ಕ್ಯಾಲ್ಸಿಯಂ ಆದರೂ, ಜೀವಕೋಶದೊಳಗೆ ಆ ಪ್ರೋಟೀನಿಗೆ ಕ್ಯಾಲ್ಸಿಯಂ ಹಿಡಿಯುವ ಕೆಲಸ ಇದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಕೋಶರಸದಲ್ಲಿ ವಿಶ್ರಾಂತ ಸ್ಥಿತಿಯ ಕ್ಯಾಲ್ಸಿಯಂ 100 ನ್ಯಾನೊಮೋಲಾರ್ ಆಸುಪಾಸು ಮಾತ್ರ. ಮಿಲಿಮೋಲಾರ್ ಮಟ್ಟದಲ್ಲಿ ಹಿಡಿಯುವ ಆಮ್ಲೀಯ ಬಾಲವೊಂದು ಕೋಶರಸದ ಕಡೆಗೆ ಚಾಚಿದ್ದರೆ ಅಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಬ್ಯಾಂಡ್ 3ರ ಆ ತುದಿ ಇರುವುದು ಕೋಶರಸದ ಕಡೆಯಲ್ಲಿಯೇ.

---

ಪೊರೆನಾಳ

ಸಹಪಾಠಿಯವರ ಪ್ರಯೋಗದ ಬಗ್ಗೆ ನಾನು ಬರೆಯುತ್ತೇನೆ. ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಹೀರುವುದನ್ನು ರುಥೇನಿಯಂ ರೆಡ್ ತಡೆಯುತ್ತದೆ ಎಂಬುದನ್ನು 1971ರಲ್ಲಿ ಮೂರ್ ವರದಿ ಮಾಡಿದರು. ಆ ದಾರಿಯ ಪ್ರೋಟೀನು ಯಾವುದು ಎಂಬುದು ತಿಳಿದದ್ದು 2011ರಲ್ಲಿ, ಎಂಸಿಯು ಎಂಬ ಹೆಸರಿನಲ್ಲಿ. ನಡುವಿನ ನಲವತ್ತು ವರ್ಷ ಸಂಶೋಧಕರ ಕೈಯಲ್ಲಿದ್ದ ಮುಖ್ಯ ಹಿಡಿಕೆಯೇ ಈ ಬಣ್ಣ. ಆದ್ದರಿಂದ ಅದನ್ನು ಹಗುರವಾಗಿ ಕಾಣುವಂತಿಲ್ಲ. ಬೇರ್ಪಡಿಸಿದ ಮೈಟೊಕಾಂಡ್ರಿಯಾದ ಮೇಲೆ ಅದು ಇಂದಿಗೂ ಒಳ್ಳೆಯ ಸಾಧನವೇ.

ಇಡೀ ಕೋಶದ ಮೇಲೆ ಹಾಕಿದಾಗ ಕಥೆ ಬೇರೆ. +6 ಆವೇಶ ಹೊತ್ತ ಅಯಾನು ಪೊರೆಯನ್ನು ದಾಟಿ ಒಳಗೆ ಬರುವುದೇ ಕಷ್ಟ, ಹೊರಗೆ ನಿಂತಂತೆಯೇ ಅದು ಹೊರಪೊರೆಯ ಟಿಆರ್‌ಪಿವಿ ಕುಟುಂಬದ, ಕ್ಯಾಲ್ಸಿಯಂ ಒಳಬಿಡುವ ನಾಳಗಳನ್ನು ಮುಚ್ಚಿಬಿಡುತ್ತದೆ. ಟಿಆರ್‌ಪಿವಿ6 ನಾಳದೊಳಗೆ ಈ ಬಣ್ಣ ಕುಳಿತಿರುವ ರಚನೆ 2021ರಲ್ಲಿ ಪ್ರಕಟವಾಗಿದೆ. ನಾಳದ ಬಾಯಿಯ ಆಸ್ಪಾರ್ಟಿಕ್ ಆಮ್ಲಗಳ ಉಂಗುರದ ಬಳಿ ಅದು ದಾರಿಯನ್ನು ಮುಚ್ಚಿ ನಿಂತಿದೆ. ಹೊರಗಿನಿಂದ ಬರುವ ಕ್ಯಾಲ್ಸಿಯಂ ನಿಂತರೆ ಕೋಶರಸದ ಕ್ಯಾಲ್ಸಿಯಂ ಇಳಿಯುತ್ತದೆ, ಅದರ ಹಿಂದೆಯೇ ಮೈಟೊಕಾಂಡ್ರಿಯಾದ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ನೋಡುವವರಿಗೆ ಅದು ‘ಬಣ್ಣವು ಮೈಟೊಕಾಂಡ್ರಿಯಾವನ್ನು ತಡೆಯಿತು’ ಎಂಬಂತೆಯೇ ಕಾಣುತ್ತದೆ. ಒಂದು ವೇಳೆ ಬಣ್ಣ ಒಳಗೆ ಹೋಯಿತು ಎಂದುಕೊಂಡರೂ, ಅಲ್ಲಿ ಕಣಜದಿಂದ ಕ್ಯಾಲ್ಸಿಯಂ ಹೊರಬಿಡುವ ನಾಳವಾದ ರಯಾನೊಡಿನ್ ಗ್ರಾಹಕ ಇದೆ, ಕ್ಯಾಲ್‌ಮಾಡ್ಯುಲಿನ್ ಇದೆ. ಎರಡರ ಮೇಲೂ ಇದು ಪರಿಣಾಮ ಬೀರುತ್ತದೆ.

ಮೇಲೆ ‘ಲೋಹರಸಾಯನ’ ಅವರು ಹೇಳಿದ ಮಾತಿಗೆ ನನಗೆ ಅತ್ಯಂತ ಬಲವಾದ ಸಾಕ್ಷ್ಯವೆನಿಸುವುದು ಕ್ಯಾಲ್ಸಿಯಂಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂದಿದೆ. ಕೆ2ಪಿ ಕುಟುಂಬದ ಪೊಟ್ಯಾಸಿಯಂ ನಾಳಗಳಲ್ಲಿ ಟಾಸ್ಕ್-3 ಎಂಬುದನ್ನು ರುಥೇನಿಯಂ ರೆಡ್ ತಡೆಯುತ್ತದೆ, ಅದಕ್ಕೆ ಕಾರಣ 70ನೆಯ ಸ್ಥಾನದ ಒಂದೇ ಒಂದು ಗ್ಲುಟಾಮಿಕ್ ಆಮ್ಲ. ಅದೇ ಕುಟುಂಬದ ಟ್ರೆಕ್-1 ನಾಳಕ್ಕೆ ಈ ಬಣ್ಣ ತಟ್ಟುವುದಿಲ್ಲ. ಆದರೆ ಅದರ 110ನೆಯ ಸ್ಥಾನದ ಐಸೊಲ್ಯೂಸಿನ್ ಅನ್ನು ಆಸ್ಪಾರ್ಟಿಕ್ ಆಮ್ಲಕ್ಕೆ ಬದಲಿಸಿದೊಡನೆ ತಟ್ಟುತ್ತದೆ, ಬಣ್ಣದ ಅಯಾನು ನಾಳದ ಬಾಯಿಗೆ ಸಿಕ್ಕಿಕೊಂಡಿರುವ ರಚನೆಯೂ 2020ರಲ್ಲಿ ದೊರೆತಿದೆ. ಇಲ್ಲಿ ಕ್ಯಾಲ್ಸಿಯಂ ತಾಣದ ಪ್ರಶ್ನೆಯೇ ಬರುವುದಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಅಂತರದಲ್ಲಿ ಕಾರ್ಬಾಕ್ಸಿಲೇಟ್‌ಗಳಿದ್ದರೆ ಈ ಬಣ್ಣಕ್ಕೆ ಅಷ್ಟೇ ಸಾಕು.

ಹಾಗಾದರೆ ಸಹಪಾಠಿಯವರು ಏನು ಮಾಡಬೇಕು? ಡಿಜಿಟೊನಿನ್‌ನಿಂದ ಹೊರಪೊರೆಯನ್ನು ಮಾತ್ರ ತೂತು ಮಾಡಿದ ಕೋಶಗಳಲ್ಲಿ, ಹೊರಗಿನ ಕ್ಯಾಲ್ಸಿಯಂ ಪ್ರಮಾಣವನ್ನು ತಾವೇ ನಿಗದಿಪಡಿಸಿ ಪ್ರಯೋಗವನ್ನು ಮರಳಿ ಮಾಡಬೇಕು. ಆಗ ಟಿಆರ್‌ಪಿವಿ ನಾಳಗಳ ಪ್ರಶ್ನೆ ಬದಿಗೆ ಸರಿಯುತ್ತದೆ. ಸಾಧ್ಯವಿದ್ದರೆ ಎಂಸಿಯು ಇಲ್ಲದ ಕೋಶಗಳನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ಅದಕ್ಕಿಂತ ಸೊಗಸಾದ ನಿಯಂತ್ರಣವೂ ಇದೆ. ಮನುಷ್ಯರ ಎಂಸಿಯುವಿನ 259ನೆಯ ಸ್ಥಾನದ ಸೆರಿನ್ ಅನ್ನು ಅಲನಿನ್‌ಗೆ ಬದಲಿಸಿದರೆ ಕ್ಯಾಲ್ಸಿಯಂ ಎಂದಿನಂತೆ ಒಳಗೆ ಹೋಗುತ್ತದೆ, ಆದರೆ ರುಥೇನಿಯಂ ರೆಡ್‌ನ ಹತ್ತಿರದ ಸಂಬಂಧಿಯಾದ ಆರ್‌ಯು360ರ ತಡೆ ದುರ್ಬಲವಾಗುತ್ತದೆ. ಅಂಥ ಕೋಶಗಳಲ್ಲಿಯೂ ಆರ್‌ಯು360 ಮೊದಲಿನಷ್ಟೇ ಪರಿಣಾಮ ತೋರಿದರೆ, ಆ ಪರಿಣಾಮಕ್ಕೆ ಎಂಸಿಯು ಕಾರಣವಲ್ಲ. ಪೊರೆ ದಾಟಬಲ್ಲ ಸಂಯುಕ್ತವೇ ಬೇಕೆಂದಾದರೆ 2019ರಲ್ಲಿ ವರದಿಯಾದ ಆರ್‌ಯು265 ಇದೆ. ಅದರಲ್ಲಿ ಎರಡು ರುಥೇನಿಯಂಗಳ ನಡುವಿನ ಸೇತುವೆ ಆಕ್ಸಿಜನ್‌ದಲ್ಲ, ಸಾರಜನಕದ್ದು.

ಕ್ಯಾಲ್ಸಿಯಂ ಅಳೆಯಲು ಅವರು ಕ್ಯಾಲ್ಸಿಯಂ ಸಿಕ್ಕಾಗ ಹೊಳೆಯುವ ರೋಡ್-2 ಎಂಬ ಸೂಚಕವನ್ನು ಬಳಸುತ್ತಿದ್ದರೆ ಮತ್ತೊಂದು ತೊಡಕಿದೆ. ರುಥೇನಿಯಂ ರೆಡ್ ಬೆಳಕನ್ನು ಅತಿ ಹೆಚ್ಚಾಗಿ ಹೀರುವುದು 533 ನ್ಯಾನೊಮೀಟರ್‌ನಲ್ಲಿ, ರೋಡ್-2ಗೆ ನಾವು ಹಾಯಿಸುವ ಬೆಳಕು 550ರ ಆಸುಪಾಸಿನದು. ಬಣ್ಣ ಹಾಕಿದ ತಕ್ಷಣ ಹೊಳಪು ಕುಗ್ಗಿದರೆ ಅದು ಕ್ಯಾಲ್ಸಿಯಂ ಇಳಿದದ್ದರಿಂದಲೋ, ಬೆಳಕನ್ನು ಬಣ್ಣವೇ ನುಂಗಿದ್ದರಿಂದಲೋ ಎಂದು ತಿಳಿಯಲು, ಕ್ಯಾಲ್ಸಿಯಂ ತುಂಬಿದ ರೋಡ್-2 ದ್ರಾವಣಕ್ಕೆ, ಕೋಶಗಳಿಲ್ಲದೆ, ಅಷ್ಟೇ ಬಣ್ಣ ಹಾಕಿ ನೋಡುವುದು ಕಡ್ಡಾಯ.

---

ಕಿರಿಯ ಸಂಶೋಧಕಿ

ಬಹಳ ಉಪಕಾರವಾಯಿತು. ಪ್ರಬಂಧದಲ್ಲಿ ‘ಕ್ಯಾಲ್ಸಿಯಂ ಬಂಧಕ ಪ್ರೋಟೀನುಗಳು’ ಎಂಬ ಶೀರ್ಷಿಕೆಯನ್ನು ಸದ್ಯಕ್ಕೆ ‘ರುಥೇನಿಯಂ ರೆಡ್ ಹಿಡಿಯುವ ಪ್ರೋಟೀನುಗಳು’ ಎಂದು ಬದಲಿಸಿ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಪೈಪೋಟಿಯ ಫಲಿತಾಂಶ ಬಂದ ಮೇಲೆ ಉಳಿದದ್ದನ್ನು ಬರೆಯುತ್ತೇನೆ. ನಮ್ಮಲ್ಲಿರುವ ಬಣ್ಣದ ಶೀಶೆ ತೆರೆದು ಬಹಳ ಕಾಲವಾಗಿದೆ, ಪುಡಿ ಕೊಂಚ ಕಂದಾಗಿ ಕಾಣುತ್ತಿದೆ. ಅದನ್ನು ಬಳಸಬಹುದೇ?

---

ಲೋಹರಸಾಯನ

ಅಳತೆಯ ಕೆಲಸಕ್ಕೆ ಬೇಡ. ಈ ಬಣ್ಣ ಉತ್ಕರ್ಷಣಗೊಂಡಾಗ +7 ಆವೇಶದ ರುಥೇನಿಯಂ ಬ್ರೌನ್ ಆಗುತ್ತದೆ. ಹೊಸ ಶೀಶೆಯಲ್ಲಿಯೂ ಶುದ್ಧತೆ ನಂಬುವಂಥದ್ದಲ್ಲ, ಬೇರೆ ರುಥೇನಿಯಂ ಸಂಯುಕ್ತಗಳು ಬೆರೆತಿರುವುದು ಮಾಮೂಲು. ಮೇಲೆ ಹೇಳಿದ ಆರ್‌ಯು360 ಪತ್ತೆಯಾದದ್ದೇ ಹಾಗೆ: ಮೈಟೊಕಾಂಡ್ರಿಯಾವನ್ನು ನಿಜವಾಗಿ ಬಲವಾಗಿ ತಡೆಯುತ್ತಿದ್ದದ್ದು ಮಾರುಕಟ್ಟೆಯ ಪುಡಿಯಲ್ಲಿದ್ದ ಒಂದು ಕಲ್ಮಶ ಎಂದು 1970ರ ದಶಕದಲ್ಲಿಯೇ ಗೊತ್ತಾಗಿತ್ತು, 1991ರಲ್ಲಿ ಅದರ ಗುರುತು ಸಿಕ್ಕಿತು. 360 ನ್ಯಾನೊಮೀಟರ್‌ನಲ್ಲಿ ಅದು ಬೆಳಕನ್ನು ಹೀರುತ್ತದೆ, ಹೆಸರು ಬಂದದ್ದು ಅಲ್ಲಿಂದ. ಆದ್ದರಿಂದ ಪುಡಿಯನ್ನು ತೂಗಿ ಪ್ರಮಾಣ ಬರೆಯಬೇಡಿ. ಸ್ವಲ್ಪ ಪುಡಿಯನ್ನು ನೀರಿನಲ್ಲಿ ಕರಗಿಸಿ 300ರಿಂದ 700 ನ್ಯಾನೊಮೀಟರ್‌ವರೆಗೆ ಸ್ಪೆಕ್ಟ್ರಮ್ ತೆಗೆಯಿರಿ, 533ರ ಶಿಖರದ ಎತ್ತರದಿಂದ ಪ್ರಮಾಣ ಲೆಕ್ಕಹಾಕಿ, 360ರಲ್ಲಿ ಬೇರೆ ಉಬ್ಬು ಕಂಡರೆ ಅದನ್ನೂ ಪ್ರಬಂಧದಲ್ಲಿ ನಮೂದಿಸಿ. ಹೊಸ ಪುಡಿ ಬಂದ ಮೇಲೆ ತೇವ ತಾಗದಂತೆ ಡೆಸಿಕೇಟರ್‌ನಲ್ಲಿಡಿ, ದ್ರಾವಣವನ್ನು ಆಯಾ ದಿನವೇ ತಯಾರಿಸಿಕೊಳ್ಳಿ.